ಗುಂಡುಕಲ್ಲು ನುಂಗಿದ ಚರಂಡಿ

ಮಾನ್ಯ ಪೌರಾಯುಕ್ತರೇ,

ನನ್ನ ಮಗಳ ಬೀದಿಯ ಚರಂಡಿ ಬಾಯಿ ತೆರೆದು ಕಾಯುತ್ತಿದೆ. ಅದರ ಮೇಲೆಯೇ ನನ್ನ ಮೊಮ್ಮಗಳು ದಿನವೂ ಹೋಗಿಬರಬೇಕು. ನಿಮ್ಮ ಕಚೇರಿಯಲ್ಲಿ ಹೇಳಿ ಸಾಕಾಗಿ, ಈಗ ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ.

ಮಗಳು ಶಾಂತಲಾಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಒಂದು ಕಾಲು ಸೊರಗಿದೆ. ಕೋಲು ಹಿಡಿದು ನಡೆಯುವವಳು ಕೂಸನ್ನು ಹೇಗೆ ಎತ್ತಿಕೊಂಡಾಳು? ಅಳಿಯನಿಗೆ ಬೆಳಗಿನ ಪಾಳಿ. ನಾನು ಬಾಣಂತನಕ್ಕೆಂದು ಗುಬ್ಬಿಯಿಂದ ಬಂದವಳು, ಪಾಠ ಹೇಳಲು ಶಾಲೆಗೆ ಹಿಂದಿರುಗಬೇಕು. ಶಾಂತಲಾ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುತ್ತೇನೆಂದು ಬೀದಿಯ ಕೊನೆಯ ಮನೆಯ ಮಸ್ತಾನ್ ಬೀ ಹೇಳಿದ್ದಾರೆ. ಅಲ್ಲಿಯವರೆಗೆ ಒಯ್ಯುವುದಕ್ಕೇ ಮಗುವಿನ ತಳ್ಳುಗಾಡಿ ಕೊಂಡೆವು. ಅಂಗಡಿಯವನು ಗೊಂಬೆ ನೇತುಹಾಕಿದ್ದು, ಹಾಡು ಹೇಳುವುದು ಎಂದು ಒಂದೊಂದನ್ನೇ ಉರುಳಿಸಿ ತೋರಿಸಿದ. ಇವಳು ಹಿಡಿಯ ಮೇಲೆ ಮೈಭಾರ ಬಿಟ್ಟು ನೋಡಿ, ವಾಲದೆ ನಿಂತದ್ದನ್ನು ಆರಿಸಿದಳು. “ಇದಿದ್ರೆ ನಂಗೆ ಕೋಲೇ ಬೇಡ ಕಣಮ್ಮ” ಎಂದಳು. ನನಗೆ ಕಣ್ಣು ತುಂಬಿ ಬಂತು.

ನಮ್ಮಲ್ಲಿ ತೊಟ್ಟಿಲಿಗೆ ಮೊದಲು ಗುಂಡುಕಲ್ಲು, ಆಮೇಲೆ ಮಗು. ಗಾಡಿಯೂ ತೊಟ್ಟಿಲೇ ತಾನೇ ಎಂದು ಖಾರ ಅರೆಯುವ ಗುಂಡುಕಲ್ಲಿಗೆ ಕುಲಾವಿ ತೊಡಿಸಿ, ಬಟ್ಟೆ ಸುತ್ತಿ ಕೂರಿಸಿದೆ. ಅದು ಮಗುವಿಗಿಂತ ಹಗುರವೇ. ರಸ್ತೆಯಲ್ಲಿ ಮರಳು ಲಾರಿಗಳು ಮೈಮೇಲೆ ಬರುತ್ತವೆಂದು ಶಾಂತಲಾ, ನೀವು ಫುಟ್‌ಪಾತ್ ಎಂದು ಕರೆಯುವ ಚರಂಡಿ ಚಪ್ಪಡಿಗಳ ಮೇಲೆ ನಗುತ್ತಾ ತಳ್ಳಿಕೊಂಡು ಹೊರಟಳು. ನಾಲ್ಕು ಹೆಜ್ಜೆಗೇ ಚಪ್ಪಡಿ ಮುರಿದು ಮುಂದಿನ ಚಕ್ರಗಳು ಕುಸಿದವು. ಕಲ್ಲು ಉರುಳಿ ಒಳಕ್ಕೆ ಬಿತ್ತು. ಎದುರುಮನೆಯ ಸಿದ್ದಲಕ್ಷ್ಮಮ್ಮ “ಅಯ್ಯಯ್ಯೋ, ಕೂಸು ಹೋಯ್ತಲ್ರಪ್ಪೋ!” ಎಂದು ಎದೆ ಬಡಿದುಕೊಂಡು ಓಡಿಬಂದರು. ಕಪ್ಪು ನೀರಿನ ಮೇಲೆ ಕುಲಾವಿ ಮಾತ್ರ ತೇಲುತ್ತಿತ್ತು. ಅವರ ಯಜಮಾನರು ಮೂಡಲಗಿರಿಯಪ್ಪ ಬಟ್ಟೆ ಒಣಹಾಕುವ ಗಳು ತಂದು ಇಳಿಬಿಟ್ಟರು. ಗಳು ಇಳಿಯುತ್ತಲೇ ಹೋಯಿತು. “ತಳಾನೇ ಸಿಗ್ತಿಲ್ಲ ಕಣಮ್ಮ. ಬುಡಿ, ಇದು ನುಂಗಿದ್ದನ್ನ ವಾಪಸ್ ಕೊಡಾಕಿಲ್ಲ” ಎಂದರು.

ದೂರು ಕೊಡಲು ಬಂದರೆ ನಿಮ್ಮ ಸಿಬ್ಬಂದಿ ನಕ್ಕರು. “ಕಲ್ಲು ತಾನೇ ಬಿದ್ದಿರೋದು ಮೇಡಂ? ಮಗು ಏನೂ ಬಿದ್ದಿಲ್ವಲ್ಲ!” ಆಹಾ, ಎಂಥ ತಾಳ್ಮೆ! ಹಾಗಾದರೆ ತಮ್ಮ ಕಡತ ಅಲುಗಾಡಲು ಏನು ಬೀಳಬೇಕು ಸ್ವಾಮಿ? ಕನಿಷ್ಠ ಎಷ್ಟು ತೂಕದ್ದು? ಕೊನೆಗೆ ಮಹದುಪಕಾರ ಎಂಬಂತೆ ಗುಂಡಿಗೊಂದು ಹೊಂಗೆ ಕೊಂಬೆ ಸಿಕ್ಕಿಸಿ ಹೋದರು. ನಿನ್ನೆಯ ಮಳೆಗೆ ಅದೂ ಕೊಚ್ಚಿಹೋಗಿದೆ. ನೀರು ಚಪ್ಪಡಿಗಳನ್ನೂ ಮುಚ್ಚಿ ನಿಂತಿದೆ. ಎಲ್ಲಿ ಚಪ್ಪಡಿ, ಎಲ್ಲಿ ಗುಂಡಿ, ಒಂದೂ ತಿಳಿಯುವುದಿಲ್ಲ. ಉಳಿದ ಚಪ್ಪಡಿಗಳೂ ಕಾಲಿಟ್ಟರೆ ಅಲ್ಲಾಡುತ್ತಿವೆ.

“ಇನ್ನೊಂದು ವಾರ ರಜೆ ಹಾಕೇ” ಎಂದು ಮಗಳನ್ನು ಬೇಡಿಕೊಂಡೆ. “ಸೋಮವಾರ ಹೋಗ್ದಿದ್ರೆ ಬೇರೆಯವರನ್ನ ತಗೋತಾರಂತೆ ಕಣಮ್ಮ” ಎಂದಳು. ಆಕೆ ಹೋಗಿಯೇ ತೀರುತ್ತಾಳೆ. ನನಗೆ ಹೆದರಿಕೆಯಾಗುತ್ತಿದೆ.

ಆದ್ದರಿಂದ ಭಾನುವಾರದೊಳಗೆ ಈ ಬೀದಿಯ ಚಪ್ಪಡಿಗಳನ್ನೆಲ್ಲ ಬದಲಿಸಿ. ಆಗದೆಂದರೆ ಸೋಮವಾರ ಬೆಳಗ್ಗೆ ತಾವೇ ಬನ್ನಿ. ಆ ನೀರಿನಲ್ಲಿ ಮೊದಲು ನೀವು ನಡೆಯಿರಿ. ನೀವು ಕಾಲಿಟ್ಟು ದಾಟಿದ ಜಾಗದಲ್ಲೇ ನನ್ನ ಮಗಳು ಗಾಡಿ ತಳ್ಳಿಕೊಂಡು ಬರುತ್ತಾಳೆ.

ಇಂತಿ,
ಬಾಣಂತನ ಮುಗಿದರೂ ಊರಿಗೆ ಹೊರಡಲು ಧೈರ್ಯವಿಲ್ಲದ ಅಜ್ಜಿ,
ವನಜಾಕ್ಷಿ
ತುಮಕೂರು, ಜುಲೈ ೨೦೦೩