ಭತ್ತ ಬಾಚುವ ಹೊತ್ತು

ಹರಿಹರ, ಗುರುವಾರ

ಚಿಕ್ಕಪ್ಪನಿಗೆ ನಮಸ್ಕಾರ. ನಮ್ಮ ಹವಾಮಾನ ಸಂದೇಶವನ್ನು ನೀವು ಫೋನಿನಲ್ಲಿ ಓದದೆ ಅಳಿಸುತ್ತೀರಿ, ಅದಕ್ಕೇ ಈ ಕಾರ್ಡು.

ಕಳೆದ ವರ್ಷದ ಮೂರು ಚಂಡಮಾರುತಗಳನ್ನೂ ನಮ್ಮ ಕಚೇರಿ ಸರಿಯಾಗಿಯೇ ಹೇಳಿತ್ತು. ಆದರೂ ಜನ ಯಾಕೆ ನಷ್ಟಪಟ್ಟರು ಎಂದು ವಿಚಾರಿಸಲು ನನ್ನನ್ನು ಇಲ್ಲಿಗೆ ಕಳಿಸಿದ್ದಾರೆ. ಇಲ್ಲಿಯ ನಂದಿಗುಡಿ ಹಳ್ಳಿಯಲ್ಲಿ ಡಾಂಬರು ರಸ್ತೆಯ ಅರ್ಧ ಭಾಗದ ಮೇಲೆ ಭತ್ತ ಒಣಗುತ್ತದೆ, ಬಸ್ಸಿನವರು ಗೊಣಗದೆ ಪಕ್ಕಕ್ಕೆ ಸರಿದು ಹೋಗುತ್ತಾರೆ. ಭತ್ತ ಕಾಯುತ್ತಿದ್ದ ಗುರುಶಾಂತಮ್ಮನವರಿಗೆ ನಮ್ಮ ಸಂದೇಶ ಓದಿ ಹೇಳಿದೆ.

"ಎಷ್ಟು ಮಿಲಿಮೀಟರ್ ಅಂತ ನಮಗ್ಯಾಕ್ರಿ? ಭತ್ತ ಎಷ್ಟೊತ್ತಿಗೆ ಬಾಚ್ಬೇಕು, ಅಷ್ಟು ಹೇಳ್ರಿ" ಎಂದರು.

ನಿನ್ನೆ ಹಾಗೆಯೇ ಕಳಿಸಿದೆವು: ಮೂರು ಗಂಟೆಯೊಳಗೆ ಭತ್ತ ಬಾಚಿಕೊಳ್ಳಿ. ನಾಲ್ಕಕ್ಕೆ ಮಳೆ ಸುರಿದಾಗ ರಸ್ತೆಯಲ್ಲಿ ಒಂದು ಕಾಳೂ ಇರಲಿಲ್ಲ. ದಾವಣಗೆರೆಯಲ್ಲಿ ನನ್ನ ಕೋಣೆಯ ತಾರಸಿ ಮೇಲೆ ಹರವಿದ್ದ ಅಂಗಿಗಳು ಮಾತ್ರ ನೆನೆದವು. ಅಂಗಿಯ ಬಗ್ಗೆ ನಾವು ಏನೂ ಬರೆದಿರಲಿಲ್ಲ. ಒದ್ದೆ ಅಂಗಿಯನ್ನೇ ತೊಟ್ಟು ನೆಗಡಿಯಾಗಿದೆ, ಉಳಿದಂತೆ ಕ್ಷೇಮ.

ಚಿಕ್ಕಪ್ಪ, ಗಾಳಿ ಏಳುವುದಕ್ಕೆ ಎಷ್ಟು ಗಂಟೆ ಮೊದಲು ತಿಳಿಸಿದರೆ ನಿಮ್ಮ ಹೊಸ ದೋಣಿ ಮಲ್ಪೆಯ ದಡ ಸೇರುತ್ತದೆ? ಹಳೆಯದು ಮುಳುಗುವ ಮೊದಲೇ ಇದನ್ನು ಕೇಳಬೇಕಿತ್ತು.

ನಿಮ್ಮ ಅಣ್ಣನ ಮಗ,
ಸುಧಾಕರ