ಮೂರನೆಯ ಕುರ್ಚಿ

14 ಜೂನ್ 1987, ರವಿವಾರ. ಚಿಕ್ಕೋಡಿ

ಅನ್ಯಾಯ ನಡೆದದ್ದು 1981ರ ಜುಲೈ ತಿಂಗಳಲ್ಲಿ. ಮರೆತವರು ಮರೆಯಲಿ, ನಾನು ಮರೆತಿಲ್ಲ. ದೊಡ್ಡ ವಿಮಾನ ನಡೆಸಲು ಇಬ್ಬರು ಸಾಕು, ಮೂರನೆಯವನು ಬೇಡ ಎಂದು ಅಮೆರಿಕದ ಒಂದು ಸಮಿತಿ ಹೇಳಿತು. ಬೋಯಿಂಗಿನವರು ಅದಕ್ಕೇ ಕಾದಿದ್ದರು. ಮೂರು ಕುರ್ಚಿ ಜೋಡಿಸಿ ಮುಗಿದಿದ್ದ ಹೊಸ ವಿಮಾನಗಳಿಂದಲೂ ಒಂದನ್ನು ಕಿತ್ತರು. ಏರ್‌ಬಸ್ಸಿನವರು ಹಿಂದೆ ಬೀಳುತ್ತಾರೆಯೇ? ಅವರೂ ಎರಡೇ ಅಂದರು. ಯಾರ ವಿಮಾನ ಅಗ್ಗ ಎಂಬ ಜಿದ್ದು. ಹಿಂದೆ ಇದೇ ರೀತಿ ರೇಡಿಯೋದವನನ್ನು ಇಳಿಸಿದರು, ಆಮೇಲೆ ದಾರಿ ಗುರುತಿಸುವವನನ್ನು. ಈಗ ಎಂಜಿನ್, ಹವೆ ನೋಡಿಕೊಳ್ಳುವ ಫ್ಲೈಟ್ ಇಂಜಿನಿಯರನ ಸರದಿ.

ಎಂದಿನಂತೆ ಹತ್ತರ ಬಸ್ಸಿಗೆ ನಿಪ್ಪಾಣಿ. ತಂಬಾಕಿನ ಘಾಟು, ಮೂರು ಸೀನು. ಭರಮುವಿನ ರದ್ದಿ ಅಂಗಡಿ. ಮುಂಬೈ ರದ್ದಿಯಲ್ಲಿ ವಿಮಾನದ ಚಿತ್ರ ಕಂಡರೆ ನನಗೆಂದು ತೆಗೆದಿಡುತ್ತಾನೆ.

"ಬರ್ರಿ ಬಾಯಿ, ಇಮಾನದ ಪುಸ್ತಕ ಎರಡ ಅದಾವ. ಮೂರನೇದ್ದು ಭಜಿ ಕಟ್ಟಾಕ ಹೋತು."

"ಭಜಿ ತಿಂದಾವ ಏನ್ ಓದಿದನೋ."

"ಅವಾ ಏನ್ ಓದ್ತಾನ್ರಿ, ಎಣ್ಣಿ ಓದಿತು." ಆಮೇಲೆ ತಕ್ಕಡಿ ಹಿಡಿದುಕೊಂಡೇ ಕೇಳಿದ: "ಬಾಯಿ, ಇಮಾನದಾಗ ಯಾವತ್ತರ ಕುಂತೀರೇನು?"

ಇಲ್ಲ ಎಂದೆ.

"ಮತ್ತ ಇಷ್ಟ್ಯಾಕ ಓದ್ತೀರಿ? ಮಂದಿ ಲಗ್ನಪತ್ರಿಕಿ ಓದಿದಂಗಾತು. ಊಟಾ ಇಲ್ಲ, ಏನಿಲ್ಲ."

ಬಸ್ಸಿನಲ್ಲಿ ಓದಿದೆ. ಯುರೋಪಿನವರ ಹೊಸ ವಿಮಾನ ಫೆಬ್ರುವರಿಯಲ್ಲಿ ಮೊದಲ ಸಲ ಹಾರಿದೆ. ರೆಕ್ಕೆ ಆಡಿಸಲು ಹಗ್ಗ, ರಾಟೆ ಏನೂ ಇಲ್ಲದೆ ಎಲ್ಲವೂ ತಂತಿ ಮತ್ತು ಕಂಪ್ಯೂಟರ್. ಮುಂಭಾಗದ ಒಳಗಿನ ಚಿತ್ರ ಇತ್ತು. ಕುರ್ಚಿ ಎಣಿಸಿದೆ. ಎರಡು. ಗೆಳತಿ ಸುಂದರಾಳ ಅಣ್ಣ, ಮೂರನೆಯವರಾದ ಜ್ಞಾನದೇವ ಕೂರುವ ಜಾಗದಲ್ಲಿ ಒಂದು ಬಾಗಿಲು.

24 ಅಕ್ಟೋಬರ್ 1987. ಭಾವುಬೀಜ

ಸುಂದರಾ ಊಟಕ್ಕೆ ಕರೆದಿದ್ದಳು. ಅವಳ ಅಣ್ಣ ಆರತಿಗೆಂದು ಮುಂಬೈನಿಂದ ಬರುವ ದಿನ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಜ್ಞಾನದೇವರ ಕಿವಿಯ ಮೇಲೆ ಬಿಳಿ ಕೂದಲು ಹೆಚ್ಚಾಗಿದೆ. ಇನ್ನೂ ಒಂಟಿ. ಫ್ಲೈಟ್ ಇಂಜಿನಿಯರ್ ಆಗಿ ಹದಿನಾರು ವರ್ಷ.

ಪ್ರತಿ ವರ್ಷದ ಮಾತು: "ಒಮ್ಮೆರ ನನ್ನ ಇಮಾನದಾಗ ಬರ್ರಲಾ, ಟೀಚರಬಾಯಿ. ಮುಂಬೈಯಿಂದ ಬೆಂಗಳೂರ. ದೀಡ ತಾಸು."

ಪ್ರತಿ ವರ್ಷ ನೆಪ ಹೇಳುತ್ತಿದ್ದೆ. ಇಂದು ನಿಜ ಹೇಳಿದೆ. 1961, ಶೇಡಬಾಳದ ಚಾತುರ್ಮಾಸ. ಸಾಂಗ್ಲಿ ಕಾಲೇಜಿನಲ್ಲಿ ಜೊತೆಗೆ ಓದಿದ್ದು, ಅವರ ಮನೆಯವರು ಹೆಣ್ಣು ಕೇಳಲು ಬಂದದ್ದು, ಜಾತಿ ಬೇರೆ ಎಂದು ನಮ್ಮಪ್ಪ ಅಂಗಳದಿಂದಲೇ ಕಳಿಸಿದ್ದು ಅವರಿಗೆ ಗೊತ್ತೇ ಇದೆ. ಅವರು ಮುಂಬೈ ಹಿಡಿದ ತಿಂಗಳೇ ನಾನು ಮುನಿ ಮಹಾರಾಜರ ಎದುರು ದಿಗ್ವ್ರತ ತೆಗೆದುಕೊಂಡೆ. ಹತ್ತು ದಿಕ್ಕಿಗೂ ಎಲ್ಲೆ ಹೇಳಬೇಕು. ಉಸಿರಿರುವವರೆಗೆ ದಾಟಬಾರದು. ಉತ್ತರಕ್ಕೆ ಹಿಮಾಲಯ ಎಂದೆ. ಪಶ್ಚಿಮಕ್ಕೆ ಸಮುದ್ರ ಎಂದೆ, ಮುಂಬೈ ಒಳಗೇ ಉಳಿಯಲಿ ಎಂದು. (ಇದನ್ನು ಅವರಿಗೆ ಹೇಳಲಿಲ್ಲ. ಇಲ್ಲಿ ಬರೆದೆ, ಸಾಕು.) ಕೆಳಕ್ಕೆ ನಮ್ಮ ಬಾವಿಯ ತಳ. ಮೇಲಕ್ಕೆ? ಅಜ್ಜಿ ಹಿಂದಿನಿಂದ ಚಿವುಟಿ, "ಶಿಖರ್ಜಿ ಅನ್ನ ಬೇ, ಅದಕ್ಕಿಂತ ಮ್ಯಾಲ ಹೋಗಿ ಏನ್ ಮಾಡಾಕಿ" ಎಂದಳು. ನಮ್ಮ ಜೈನರ ತೀರ್ಥದ ಬೆಟ್ಟ, ಶಿಖರ್ಜಿಯಷ್ಟು ಎತ್ತರ ಎಂದುಬಿಟ್ಟೆ. ದೇಶವನ್ನೆಲ್ಲ ಉಳಿಸಿಕೊಂಡವಳು ಆಕಾಶವನ್ನು ಒಂದು ಚಿವುಟಿಗೆ ಬಿಟ್ಟುಕೊಟ್ಟೆ.

ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

"ಶಿಖರ್ಜಿ ಎಷ್ಟ ಎತ್ತರ ಐತ್ರಿ?"

"ನಾಲ್ಕ ಸಾವಿರದ ನಾಲ್ಕನೂರಾ ಎಂಬತ್ತ ಅಡಿ."

ತಾಟಿನಲ್ಲಿದ್ದ ಶಂಕರಪಾಳಿಗಳನ್ನು ಒಂದರ ಮೇಲೊಂದು ಇಡುತ್ತ ಹೇಳಿದರು: "ಇಮಾನ ಇಪ್ಪತ್ತೊಂಬತ್ತ ಸಾವಿರದಾಗ ಹಾರತೈತಿ, ಖರೆ. ಆದ್ರ ಒಳಗಿನ ಹವಾ ಬ್ಯಾರೆ. ಅದನ್ನ ತುಂಬಿ, ಒತ್ತಿ ಇಟ್ಟಿರತೇವಿ. ಒಳಗ ಕುಂತವರ ಎದಿ, ಕಿವಿ ಎಷ್ಟ ಎತ್ತರದಾಗ ಅದಾವ ಅನ್ನೂದು ನನ್ನ ಮುಂದಿನ ಗುಂಡಿ ಮ್ಯಾಲ ಐತಿ. ನಾ ನಾಲ್ಕ ಸಾವಿರಕ್ಕ ಇಡ್ತೇನಿ. ಶಿಖರ್ಜಿಕಿಂತ ಕೆಳಗ. ನಿಮ್ಮ ವ್ರತ ನಾ ಕಾಯ್ತೇನ್ರಿ, ಬಾಯಿ."

ಸುಂದರಾ ಚಕ್ಕುಲಿ ಮುರಿಯುತ್ತ, "ದಾದಾ, ಹೆಣ್ಣ ಕೇಳಾಕ ಹೋದಾಗ ಈ ಗುಂಡಿ ಎಲ್ಲಿತ್ತೋ?" ಎಂದಳು.

"ಆಗ ನನಗ ಗಾಲಿಗಿ ಗ್ರೀಸ್ ಹಚ್ಚಾಕೂ ಬರ್ತಿರಲಿಲ್ಲಲಾ."

ಮೂವರೂ ನಕ್ಕೆವು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಬಂದೆ.

11 ಫೆಬ್ರುವರಿ 1988

ಬೋಯಿಂಗ್, ಏರ್‌ಬಸ್ ಎರಡೂ ಕಂಪನಿಗೆ ಬರೆದಿದ್ದೆ: ಮೂರನೆಯವನನ್ನು ಏಕೆ ತೆಗೆದಿರಿ, ಹವೆಯನ್ನು ಕೈಯಿಂದ ನೋಡಿಕೊಳ್ಳುವವರು ಇನ್ನು ಯಾರು? ಮೂರು ತಿಂಗಳ ಮೇಲೆ ಒಬ್ಬರಿಂದ ಲಕೋಟೆ. ನಿಮ್ಮ ಆಸಕ್ತಿಗೆ ಧನ್ಯವಾದ. ಒಂದು ಬ್ರೋಷರ್, ಒಂದು ಸ್ಟಿಕ್ಕರ್. ಇನ್ನೊಬ್ಬರಿಂದ ಅದೂ ಇಲ್ಲ. ವಿಮಾನ ಮಾರುವಾಗ ಮಾತ್ರ ಇಬ್ಬರಿಗೂ ಬಾಯಿ.

7 ಆಗಸ್ಟ್ 1988, ರವಿವಾರ. ಶೇಡಬಾಳ

ಹತ್ತು ತಿಂಗಳು ಮನಸ್ಸಿನಲ್ಲಿ ತೂಗಿದೆ. ಒಳಗಿನ ಹವೆ ನಾಲ್ಕು ಸಾವಿರ, ಹೊರಗಿನ ಎತ್ತರ ಇಪ್ಪತ್ತೊಂಬತ್ತು ಸಾವಿರ. ವ್ರತದ ಲೆಕ್ಕಕ್ಕೆ ಯಾವುದು? ಮೇಲಿನ ಎಲ್ಲೆ ದಾಟುವುದಕ್ಕೆ ಊರ್ಧ್ವವ್ಯತಿಕ್ರಮ ಎಂದು ದೋಷದ ಹೆಸರೇ ಇದೆ. ಕದ್ದು ಹೋಗಲಾರೆ.

ವ್ರತ ಕೊಟ್ಟ ಮಹಾರಾಜರು ಇಲ್ಲ. ಈ ಸಲದ ಚಾತುರ್ಮಾಸಕ್ಕೆ ಬಂದವರು ನನಗಿಂತ ಚಿಕ್ಕವರು. ಎಲ್ಲ ಕೇಳಿಸಿಕೊಂಡರು. ಪಕ್ಕದಲ್ಲಿದ್ದ ಹೆಂಗಸರು ಕಿಸಕ್ಕನೆ ನಕ್ಕಾಗ ಕೈ ಎತ್ತಿ ಸುಮ್ಮನಿರಿಸಿದರು.

"ಶಿಖರ್ಜಿ ಎತ್ತರ ಅಂದ್ರಲ್ಲಾ, ಆಗ ಯಾವ ಎತ್ತರ ಮನಸ್ಸಿನ್ಯಾಗ ಇತ್ತು?"

"ಯಾವದೂ ಇರಲಿಲ್ರಿ ಮಹಾರಾಜ್ರ. ಅಜ್ಜಿ ಅಂದ್ಲು, ನಾ ಅಂದೆ."

"ಹಂಗಾರ ಈಗ ಅಳತಿ ಇಡ್ರಿ. ಮೈ ಎಷ್ಟ ಮ್ಯಾಲ ಹೋತು ಅನ್ನೂದಕ್ಕ ನೀವ ಸಾಕ್ಷಿ. ಅಳತಿ ನಿಮ್ಮದ. ಆದ್ರ ಒಮ್ಮೆ ಹಿಡದ ಅಳತಿ ಆಸೆ ಬಂದಾಗ ಎಳ್ಯಾಕ ಬರಂಗಿಲ್ಲ. ಆವಾಗ ಅದು ಅಳತಿ ಅಲ್ಲ, ರಬ್ಬರ."

ಉಸಿರಿನ ಎತ್ತರ ಎಂದು ಹೇಳಿ ಬಂದೆ. ಹವೆಯ ಒತ್ತಡ. ಶಿಖರ್ಜಿಯ ತುದಿಯಲ್ಲಿ ಎಷ್ಟಿದೆಯೋ ಅಷ್ಟು. ಅದಕ್ಕಿಂತ ತೆಳುವಾದ ಹವೆಯಲ್ಲಿ ಕೂರುವುದಿಲ್ಲ.

16 ಡಿಸೆಂಬರ್ 1988

ಪುಸ್ತಕದ ಅಂಕಿ ನಂಬಿ ವ್ರತ ಇಡಲಾರೆ. ಹೆಡ್‌ಮಾಸ್ತರ ತಾತ್ಯಾಸಾಹೇಬರಿಗೆ ಅರ್ಜಿ ಕೊಟ್ಟೆ. ಶಿಖರ್ಜಿಗೆ ಹೋಗಲು ಎಂಟು ದಿನ ರಜೆ, ಜೊತೆಗೆ ಹವೆಯ ಒತ್ತಡ ಅಳೆಯುವ ಲ್ಯಾಬಿನ ಬ್ಯಾರೋಮೀಟರ್, ಗಡಿಯಾರದಂಥದ್ದು.

"ಯಾತ್ರಾಕ ಬ್ಯಾರೋಮೀಟರ್ ಯಾಕ್ರಿ ಬಾಯಿ? ದೇವರಿಗೇನ್ ಜ್ವರ ಬಂದಾವೇನು?"

"ಅದು ಥರ್ಮಾಮೀಟರ್ರಿ, ಸರ್."

"ನಾ ಇತಿಹಾಸದಾವ. ಒಡದ್ರ ಮಾತ್ರ ಅದೂ ಇತಿಹಾಸ ಆಗತೈತಿ ನೋಡ್ರಿ." ಸಹಿ ಹಾಕಿದರು.

28 ಡಿಸೆಂಬರ್ 1988. ಶಿಖರ್ಜಿ

ಪಾರ್ಶ್ವನಾಥರ ಪಾದದ ಹತ್ತಿರ, ಬೆಳಿಗ್ಗೆ ಹತ್ತೂವರೆ. ಮಿಲಿಮೀಟರಿನ ಮುಳ್ಳು ಅಲುಗಾಡಿ ನಿಂತಿತು. 645. ಮೂರು ಸಲ ನೋಡಿದೆ. 645. ಕೆಳಗೆ ಮಂಜು, ಮೇಲೆ ಬರೀ ನೀಲಿ. ಮೊದಲು ಕೈ ಮುಗಿದೆನೋ, ಅಂಕಿ ಬರೆದೆನೋ... ಅಂಕಿಯನ್ನೇ ಬರೆದೆ. ದೇವರೆದುರು ಒಪ್ಪಿಕೊಂಡಿದ್ದೇನೆ.

3 ಜನವರಿ 1989

ಜ್ಞಾನದೇವರಿಗೆ ಕಾರ್ಡು ಬರೆದೆ. ಎರಡೇ ಮಾತು. "645. ಬರುತ್ತೇನೆ."

19 ಫೆಬ್ರುವರಿ 1989

ಉತ್ತರ ಬಂತು. ಮೇ ಸೂಟಿಯಲ್ಲೇ ಬನ್ನಿ, ತಡ ಮಾಡಬೇಡಿ ಎಂದಿದ್ದಾರೆ. ಮೇ ತಿಂಗಳು ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಲು ಬೆಳಗಾವಿಗೆ ಹೋಗಬೇಕು. ದೀಪಾವಳಿಗೆ ಬರುತ್ತೇನೆ ಎಂದು ಬರೆದೆ. ಇಪ್ಪತ್ತೆಂಟು ವರ್ಷ ಕಾದವರಿಗೆ ಆರು ತಿಂಗಳು ಏನು.

9 ಸೆಪ್ಟೆಂಬರ್ 1989

ಆರು ತಿಂಗಳು ಏನು ಎಂದು ಬರೆದ ಕೈ ಇದೇ.

ಅವರ ಪತ್ರ. ಅವರ ಕಂಪನಿ ಎರಡು ಕುರ್ಚಿಯ ಹೊಸ ವಿಮಾನ ತರಿಸಿದೆ. ಹಳೆಯವನ್ನು ಒಂದೊಂದಾಗಿ ಮಾರುತ್ತಾರೆ. ನವೆಂಬರ್ 5ರ ಬೆಂಗಳೂರಿನದು ಅವರ ಕೊನೆಯ ಹಾರಾಟ. ಆಮೇಲೆ ಬೆಂಗಳೂರಿನ ಟ್ರೇನಿಂಗ್ ಆಫೀಸಿನಲ್ಲಿ ಮೇಜು. "ಅವತ್ತು ಬರ್ರಿ. ಗುಂಡಿ ಇನ್ನೂ ನನ್ನ ಕೈಯಾಗ ಐತಿ."

ಟಿಕೀಟು ಆಯಿತು.

5 ನವೆಂಬರ್ 1989. ಮುಂಬೈ, ದಾದರ್ ಬಸ್ ನಿಲ್ದಾಣ. ಮಧ್ಯಾಹ್ನ 1

ಬರೆದುಬಿಡಬೇಕು. ಇಲ್ಲದಿದ್ದರೆ ನಾಳೆ ಬೇರೆಯಾಗಿ ನೆನಪಾಗುತ್ತದೆ.

ಏಳಕ್ಕೆ ಏರ್‌ಪೋರ್ಟ್ ಮುಟ್ಟಿದೆ. ತಪಾಸಣೆಯ ಪೊಲೀಸ ಬ್ಯಾರೋಮೀಟರ್ ಎತ್ತಿ ಹಿಡಿದು, ಗಡಿಯಾರ ನಿಂತಿದೆಯಾ ಎಂದು ಮರಾಠಿಯಲ್ಲಿ ಕೇಳಿದ. ನಿಂತಿಲ್ಲ, ಕಾಯುತ್ತಿದೆ ಎಂದೆ. ಒಳಗೆ ಬಿಟ್ಟ. 755 ತೋರಿಸುತ್ತಿತ್ತು.

ಜ್ಞಾನದೇವ ಯೂನಿಫಾರ್ಮಿನಲ್ಲಿ ಬಂದರು. ಟೊಪ್ಪಿಗೆ ಕಂಕುಳಲ್ಲಿ. ಮುಖ ನೋಡಿಯೇ ತಿಳಿಯಿತು.

"ನಮ್ಮ ಇಮಾನ ಬಿಟ್ಟಿಲ್ಲ. ಏನೋ ರಿಪೇರಿ ಅಂತ. ಎರಡ ಕುರ್ಚಿದ ಹೊಸಾದು ಹಚ್ಯಾರ."

"ನೀವು?"

"ಮಂದಿ ಜೋಡಿ ಕುಂತ ಬಾ ಅಂದಾರ. ನಿಮ್ಮ ಬಾಜೂಕ ಸೀಟ ಹಾಕಿಸೇನಿ. ಹದಿನಾಲ್ಕ ಎ, ಹದಿನಾಲ್ಕ ಬಿ."

ಸಾಂಗ್ಲಿಯ ಕ್ಲಾಸಿನಲ್ಲೂ ಹುಡುಗಿಯರ ಬೆಂಚು ಬೇರೆ ಇತ್ತು. ಪಕ್ಕದಲ್ಲಿ ಎಂದೂ ಕುಳಿತಿಲ್ಲ.

ಕಿಟಕಿಯಿಂದ ಆ ವಿಮಾನ ಕಾಣುತ್ತಿತ್ತು. ಸುಳ್ಳು ಬರೆಯಬಾರದು, ಚೆಲುವಾಗಿತ್ತು. ಹವೆ ಎಷ್ಟಿರುತ್ತದೆ ಎಂದು ಕೇಳಿದೆ. "ನಿಂದರ್ರಿ, ಕೇಳಿ ಬರ್ತೇನಿ" ಎಂದು ಹೋದರು. ಕಾಲು ತಾಸು. ಜನ ಸಾಲಾಗಿ ಬಸ್ಸು ಹತ್ತತೊಡಗಿದರು. ಗಾಜಿನಾಚೆ ಅವರು ಏಣಿ ಇಳಿದು ಬರುವುದು ಕಂಡಿತು. ಕೊನೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತರು.

"ಐದ ಸಾವಿರದ ಇನ್ನೂರ."

"ಕಡಿಮಿ ಮಾಡಾಕ..."

"ಕಂಪ್ಯೂಟರ್ ತಾನ ಇಡತೈತಿ. ಇವತ್ತ ಹಾರೂ ಎತ್ತರಕ್ಕ ಅಷ್ಟ."

"ಕೆಳಗ ಹಾರಸ್ರಿ ಅಂತ ನೀವು ಹೇಳಾಕ ಬರಂಗಿಲ್ಲೇನು?"

"ಎಲ್ಲಿ ಕುಂತ ಹೇಳ್ಲಿ? ನಂದು ಅಲ್ಲಿ ಕುರ್ಚೀನ ಇಲ್ಲ."

ಏಳುನೂರ ಇಪ್ಪತ್ತು ಅಡಿ ಹೆಚ್ಚು. ಆಸೆ ಬಂದಾಗ ಎಳೆಯಬಾರದ ಅಳತೆ.

ನಾಲ್ಕು ಸಾವಿರ ಎಂದು ಹೇಳಬಹುದಿತ್ತು ಅವರು. ನಾನು ನಂಬುತ್ತಿದ್ದೆ. ಬ್ಯಾರೋಮೀಟರನ್ನು ಚೀಲದಿಂದ ಹೊರಗೂ ತೆಗೆಯುತ್ತಿರಲಿಲ್ಲ. ಒಂದೂವರೆ ತಾಸು, ಹದಿನಾಲ್ಕು ಎ, ಹದಿನಾಲ್ಕು ಬಿ. ಆ ಕೊನೆಯ ಮೆಟ್ಟಿಲ ಮೇಲೆ ಅದನ್ನೇ ಯೋಚಿಸಿದ್ದಿರಬೇಕು. ಹೇಳಲಿಲ್ಲ.

"ನಿನ್ನ ವ್ರತ ಕಾಯ್ತೇನಿ ಅಂದಿದ್ನೆಲಾ," ಎಂದರು. ಮೊದಲ ಸಲ ನನಗೆ ನೀ ಅಂದದ್ದು.

ಅವರು ಹೋಗಲೇಬೇಕಿತ್ತು, ನಾಳೆ ಹಾಜರಿ. ಹೋದರು. ಗಾಜಿನ ಹಿಂದೆ ನಿಂತೆ. ಅದು ಓಡಿತು, ಮೂಗು ಎತ್ತಿತು, ಶಿಖರ್ಜಿಯಷ್ಟು ಎತ್ತರದವರೆಗೆ ಕಣ್ಣಿನಿಂದ ಜೊತೆಗೆ ಹೋದೆ. ಅಲ್ಲಿಗೆ ಬಿಟ್ಟೆ.

ಕೊಲ್ಹಾಪುರದ ಬಸ್ಸು ಬಂತು.

15 ಮಾರ್ಚ್ 1992, ರವಿವಾರ

ಸುಂದರಾ ಹೇಳಿದಳು. ಜ್ಞಾನದೇವ ಮೇಜಿನ ಕೆಲಸ ಬಿಟ್ಟರಂತೆ. ಶಾರ್ಜಾದಲ್ಲಿ ಸಾಮಾನು ಸಾಗಿಸುವ ಕಂಪನಿ, ಹಳೆಯ ವಿಮಾನ, ಮೂರು ಕುರ್ಚಿ. ಹೋದ ತಿಂಗಳೇ ಹೋದರು.

"ಹೋಗೂಮುಂದ ಒಂದ ಮಾತ ಹೇಳಿದಾ," ಎಂದಳು. "ಇನ್ನೂ ಗುಂಡಿ ಕೈಯಾಗ ಐತಿ ಅಂತ ಬಾಯಿಗಿ ಹೇಳ ಅಂದಾ. ಏನದು ಗುಂಡಿ? ಅವಾಗಿಂದ ಅದ ಹಾಡ."

ಚಹಾ ಆರಿತ್ತು, ಕುಡಿದೆ.

ಪಶ್ಚಿಮಕ್ಕೆ ಸಮುದ್ರ ಎಂದಿದ್ದೆ. ಶಾರ್ಜಾ ಸಮುದ್ರದ ಆಚೆ.

18 ಸೆಪ್ಟೆಂಬರ್ 1994, ರವಿವಾರ

ಎರಡೂವರೆ ವರ್ಷದ ಮೇಲೆ ಭರಮುವಿನ ಅಂಗಡಿ. ಪುಸ್ತಕವನ್ನು ಬಿಡದೆ ತೆಗೆದಿಟ್ಟಿದ್ದ. "ನೀವು ಸಿಟ್ಟಾಗೀರೇನೋ ಅಂತ ಭಜಿಗಿ ಕೊಡಲಿಲ್ರಿ," ಎಂದ.

ಏರ್‌ಬಸ್ಸಿಗೆ ಎದುರಾಗಿ ಬೋಯಿಂಗಿನವರ ಹೊಸ ದೊಡ್ಡ ವಿಮಾನ ಜೂನ್‌ನಲ್ಲಿ ಹಾರಿದೆ. ಎಂಜಿನ್ನಿನ ಹೊಟ್ಟೆಯಲ್ಲಿ ಒಂದು ಮನೆ ಕಟ್ಟಬಹುದು. ಮುಂದೆ ಕುರ್ಚಿ ಎರಡೇ. ಯಾರು ಗೆದ್ದರು ಎಂದು ನಾಲ್ಕು ಪುಟ. ಯಾರನ್ನು ಇಳಿಸಿದರು ಎಂದು ಒಂದು ಸಾಲೂ ಇಲ್ಲ.

ಸಂಪಾದಕರಿಗೆ ಪತ್ರ ಬರೆಯುತ್ತಿದ್ದೇನೆ, ಅದರ ನಕಲು ಎರಡೂ ಕಂಪನಿಗೆ. ಕರಡು:

"ಮಾನ್ಯರೇ, 1981ರ ಜುಲೈಯಿಂದ ಈ ಪ್ರಶ್ನೆ ಉಳಿದಿದೆ. ಬ್ರೋಷರ್ ಬೇಡ, ಸ್ಟಿಕ್ಕರ್ ಬೇಡ. ಉತ್ತರ ಪತ್ರಿಕೆಯಲ್ಲೇ ಬರಲಿ, ನಾಲ್ಕು ಜನ ಓದುವಂತೆ. ಇಬ್ಬರು ಸಾಕು ಎಂದಿರಿ. ಯಾರಿಗೆ ಸಾಕು? ಆ ಕುರ್ಚಿಯಲ್ಲಿ ಕುಳಿತ ಒಬ್ಬ ಮನುಷ್ಯ ಒಳಗಿನ ಹವೆಯನ್ನು ಏಳುನೂರ ಇಪ್ಪತ್ತು ಅಡಿ ಕೆಳಗಿಡಬಲ್ಲವನಾಗಿದ್ದ, ಒಬ್ಬರು ಕೇಳಿಕೊಂಡರು ಎಂಬ ಒಂದೇ ಕಾರಣಕ್ಕೆ. ನಿಮ್ಮ ಕಂಪ್ಯೂಟರನ್ನು ಯಾರು ಕೇಳಿಕೊಳ್ಳಬೇಕು? ಬಹಿರಂಗವಾಗಿ ಹೇಳಿ. ಅವನನ್ನು ಎಬ್ಬಿಸುವ ಮೊದಲು, ಅವನು ಯಾರಿಗಾಗಿ ಅಲ್ಲಿ ಕುಳಿತಿದ್ದ ಎಂದು ಒಮ್ಮೆಯಾದರೂ —