ಹೀರಾಳ ಕಿವಿಯೂ ನನ್ನ ಪೋರ್ಟಾ ಪ್ರೊವೂ

ಬನಹಟ್ಟಿ
17 ಸೆಪ್ಟೆಂಬರ್ 2006, ರವಿವಾರ

ಪ್ರೀತಿಯ ಸಿದ್ಧಾಂತಣ್ಣಾ,

ಇಲ್ಲ, ಬಾವಿಗೆ ಎಸೆದಿಲ್ಲ, ಎಸೆಯುವುದೂ ಇಲ್ಲ. ನಿನ್ನ ಪತ್ರ ಹಡಗಿನಲ್ಲಿ ಎಲ್ಲಿ ನೆನೆಯಿತೋ ಏನೋ, ಅರ್ಧ ಅಕ್ಷರಗಳು ಅಳಿಸಿಹೋಗಿದ್ದವು. ಆದರೆ "ಆ ಹೆಡ್‌ಫೋನ್ ಮೊದಲ ಬಾವ್ಯಾಗ ಒಗಿ, ಆಮ್ಯಾಲ ನನ್ನ ಜೋಡಿ ಮಾತಾಡು" ಎಂಬ ಸಾಲು ಮಾತ್ರ ಚೆನ್ನಾಗಿ ಉಳಿದಿತ್ತು. ಅದಿರಲಿ, ನೀನು ಹೇಗಿದ್ದಿ? ನಿಕೋಬಾರಿನ ಮಳೆಗೆ ಕಾಲಬೆರಳ ಸಂದಿಯ ಹುಣ್ಣು ವಾಸಿಯಾಯಿತೇ? ನೀವು ಕಟ್ಟುತ್ತಿರುವ ಮನೆಗಳಿಗೆ ಸುನಾಮಿಯಲ್ಲಿ ಮನೆ ಕಳೆದುಕೊಂಡವರು ಬರಲು ಶುರು ಮಾಡಿದರೇ? ಈರುಳ್ಳಿ ಇಲ್ಲದ ಊಟ ಮಾಡಲು ನಾವು ಮೊದಲಿನಿಂದ ಕಲಿತವರು, ಅದರ ಚಿಂತೆ ನನಗಿಲ್ಲ. ಆದರೆ ರೊಟ್ಟಿ ಇಲ್ಲದೆ ನೀನು ಹೇಗೆ ಇದ್ದೀಯೋ ಎಂದು ಅವ್ವ ದಿನಾ ಕೇಳುತ್ತಾಳೆ. ಈಗ ಸುದ್ದಿ. ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನೀನು ನನ್ನ ಉಳಿದ ಪುಟಗಳನ್ನು ಓದದೆ ಹಾರಿಸಿ ಕೊನೆಗೆ ಹೋಗುತ್ತಿ: ನಿನ್ನ ಮಗಳು ಹೀರಾಳಿಗೆ ಕಿವಿ ಕೇಳುತ್ತವೆ. ಎರಡೂ. ಚೆನ್ನಾಗಿ. ರಾಜೀನಾಮೆ ಬರೆದಿದ್ದರೆ ಹರಿದುಹಾಕು, ಮುಂದಿನ ಹಡಗು ಹತ್ತಬೇಡ.

ಉಸಿರು ಬಿಟ್ಟೆಯಾ? ನಾವೂ ಮೊನ್ನೆ ಗುರುವಾರವೇ ಬಿಟ್ಟದ್ದು. ಈಗ ನನ್ನ ಹೆಡ್‌ಫೋನಿನ ಮೇಲಿನ ಆರೋಪಕ್ಕೆ ಉತ್ತರ ಕೊಡಲು ಬಿಡು. ನೀನೇ ಚೆನ್ನೈನ ಬರ್ಮಾ ಬಜಾರಿನಲ್ಲಿ ಕೊಂಡು ಕಳಿಸಿದ್ದು, "ತಂತಿ ತುಂಡಿಗೆ ಇಷ್ಟ್ಯಾಕ ಕುಣೀತೀ" ಎಂದು ನಕ್ಕವನೂ ನೀನೇ. ಅದು ತಂತಿ ತುಂಡಲ್ಲ, ಅಣ್ಣಾ. ಕಾಸ್ ಕಂಪನಿಯ ಪೋರ್ಟಾ ಪ್ರೊ. ಜಮಖಂಡಿಯ ಸೈಬರ್ ಕೆಫೆಯಲ್ಲಿ ಕುಳಿತು ಹೆಡ್‌ಫೋನ್ ಹುಚ್ಚರು ಇಂಟರ್ನೆಟ್ಟಿನಲ್ಲಿ ಚರ್ಚೆ ಮಾಡುವ ಥ್ರೆಡ್‌ಗಳನ್ನು ನಾನು ಎಷ್ಟು ಓದಿದ್ದೇನೆ ಎಂದರೆ, ಪರೀಕ್ಷೆಗೆ ಅಷ್ಟು ಓದಿದ್ದರೆ ಅವ್ವ ಊರಿಗೆಲ್ಲ ಪೇಢೆ ಹಂಚುತ್ತಿದ್ದಳು. ಅಮೆರಿಕದ ಮಿಲ್ವಾಕಿ ಊರಿನಲ್ಲಿ ಈ ಕಾಸ್ ಎಂಬವನಿಗೆ ಮದುವೆಯಲ್ಲಿ ಸೋಫಾ ತೆಗೆದುಕೊಳ್ಳಿ ಎಂದು ಹಣ ಕೊಟ್ಟರಂತೆ. ಆತ ಸೋಫಾ ತರಲಿಲ್ಲ, ಟೀವಿಗಳನ್ನು ತಂದು ಆಸ್ಪತ್ರೆಯಲ್ಲಿ ಮಲಗಿದವರಿಗೆ ಬಾಡಿಗೆಗೆ ಕೊಟ್ಟ. ಹೆಂಡತಿ ನೆಲದ ಮೇಲೆ ಕುಳಿತು ಏನೆಂದಳೋ, ಅದು ಯಾವ ಥ್ರೆಡ್‌ನಲ್ಲೂ ಇಲ್ಲ. ಆಮೇಲೆ 1958ರಲ್ಲಿ ಒಬ್ಬ ಎಂಜಿನಿಯರ್ ಗೆಳೆಯನ ಜೊತೆ ಸೇರಿ ಗ್ರಾಮಫೋನ್ ಪೆಟ್ಟಿಗೆಯೊಂದನ್ನು ಪ್ರದರ್ಶನಕ್ಕೆ ಒಯ್ದ. ಒಬ್ಬರೇ ಕುಳಿತು ಕೇಳಲಿ ಎಂದು ಅದಕ್ಕೊಂದು ಹೆಡ್‌ಫೋನ್ ಜೋಡಿಸಿದ್ದರು. ರಟ್ಟಿನ ಬಟ್ಟಲು, ಅದರೊಳಗೆ ಸಣ್ಣ ಸ್ಪೀಕರ್, ಸುತ್ತ ವಿಮಾನ ಓಡಿಸುವವರ ಕಿವಿಮೆತ್ತೆ. ಜನ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ, ಹೆಡ್‌ಫೋನಿಗೆ ಸಾಲು ಹಚ್ಚಿದರು. ಅಲ್ಲಿಯವರೆಗೆ ಅದು ಟೆಲಿಫೋನ್ ಆಪರೇಟರುಗಳ, ಪೈಲಟ್ಟುಗಳ ಸಾಮಾನು. ಎರಡು ಕಿವಿಗೆ ಎರಡು ಬೇರೆ ದನಿ ಕೊಟ್ಟು ಹಾಡು ಕೇಳಿಸಬಹುದೆಂದು ಜನರಿಗೆ ರುಚಿ ಹತ್ತಿಸಿದವರು ಇವರೇ.

ವಿಷಯಕ್ಕೆ ಬಾ ಅನ್ನುತ್ತಿ. ಬಂದೆ. ನೀನು ಹೋಗುವಾಗ ಹೀರಾ ಎದ್ದು ಬೀಳುತ್ತಿದ್ದಳು, ಈಗ ಮೂರು ತುಂಬಿ ಮೇಲಾಯಿತು. ನಾನು ವಾರವೆಲ್ಲ ಜಮಖಂಡಿಯ ಹಾಸ್ಟೆಲಿನಲ್ಲಿ ಇರುತ್ತೇನೆ, ರವಿವಾರ ಮಾತ್ರ ಮನೆಗೆ ಬರುತ್ತೇನೆ. ಹಗಲೆಲ್ಲ ಕೂಸು ಮಗ್ಗಗಳ ನಡುವೆಯೇ. ನಿನ್ನ ಹೆಂಡತಿ, ನನ್ನ ವೈಶಾಲಿ ವೈನಿ, ನಾಲ್ಕು ಪಾವರ್‌ಲೂಮ್ ನೋಡಿಕೊಳ್ಳುತ್ತಾಳೆ, ಅವ್ವ ಕಂಡಿಕೆಗೆ ನೂಲು ಸುತ್ತುತ್ತಾಳೆ, ಹೀರಾ ಖಾಲಿ ಕಂಡಿಕೆಗಳನ್ನು ಗೊಂಬೆ ಮಾಡಿ ಮಲಗಿಸುತ್ತಾಳೆ. ಆದರೆ ಕೂಸು ಮಾತಾಡಲಿಲ್ಲ. ಅಳುತ್ತಾಳೆ, ನಗುತ್ತಾಳೆ, ತುಟಿ ಆಡಿಸುತ್ತಾಳೆ, ದನಿ ಮಾತ್ರ ಇಲ್ಲ. ಹಿಂದಿನಿಂದ "ಹೀರಾ" ಎಂದರೆ ತಿರುಗುವುದಿಲ್ಲ. ಎದುರುಮನೆಯ ಮುದಕವ್ವ ಬಂದು, ಕೂಸಿನ ಹಿಂದೆ ನಿಂತು, ತಾಟಿಗೆ ಸೌಟಿನಿಂದ ಬಡಿದು ಪರೀಕ್ಷೆ ಮಾಡಿದಳು. ಕೂಸು ಅಲುಗಲಿಲ್ಲ. "ಕೆವ್ಡ ಐತಿ ಬೇ ಪದ್ಮವ್ವಾ, ಕೂಸು ಕೆವ್ಡ ಐತಿ" ಎಂದು ಅವ್ವನಿಗೆ ಅಲ್ಲೇ ತೀರ್ಪು ಕೊಟ್ಟಳು. ನಾಲ್ಕೂ ಮಗ್ಗ ನಡೆಯುತ್ತಿದ್ದವು, ಅಣ್ಣಾ! ಆ ಖಡಖಡದಲ್ಲಿ ತಾಟು ಬಡಿದದ್ದು ಮುದಕವ್ವನಿಗೇ ಕೇಳಿರಲಿಕ್ಕಿಲ್ಲ. ಆದರೆ ಹೆದರಿದವರಿಗೆ ಅದೆಲ್ಲ ಹೊಳೆಯುವುದಿಲ್ಲ. ಅವ್ವ ಅವತ್ತೇ ನಿನಗೆ ಪತ್ರ ಬರೆಸಿದಳು. ಅದರಲ್ಲಿ ಅಪರಾಧಿ ನಾನು. ರವಿವಾರ ಕರೆಂಟ್ ಹೋದಾಗ ಹೀರಾಳ ಕಿವಿಗೆ ಪೋರ್ಟಾ ಪ್ರೊ ಹಾಕಿ ವಾಕ್‌ಮನ್ ಹಚ್ಚುತ್ತಿದ್ದೆನಲ್ಲ, ಅದಕ್ಕೆ. "ಆ ಡಬ್ಬಿನ ಕೂಸಿನ ಕಿವಿ ತಿಂತು."

ನಾನು ಜಗಳಕ್ಕೇ ನಿಂತೆ. ಸಣ್ಣ ದನಿಯಲ್ಲಿ ಇಡುತ್ತೇನೆ, ಥ್ರೆಡ್‌ನವರು ಕಲಿಸಿದ ಮೊದಲ ಪಾಠವೇ ಅದು. ಮೇಲಾಗಿ ಕಿವುಡಿಯಾದರೆ ಹಾಡು ಹಚ್ಚಿದೊಡನೆ ತೂಗಾಡುವುದು ಹೇಗೆ? ಅವ್ವ ಒಪ್ಪಲಿಲ್ಲ. "ಅದು ಗುಂಯ್ ಅಂತ ಅದರತೈತಿ, ಆ ಅದರಕಿಗಿ ಕೂಸು ಕುಣೀತೈತಿ." ನಾನು ನಕ್ಕು, ಸೋಮವಾರ ಸೈಬರ್ ಕೆಫೆಗೆ ಹೋಗಿ ಥ್ರೆಡ್‌ನಲ್ಲಿ ಕೇಳಿದೆ. ಮೂವರು ಕೇಬಲ್ ಬದಲಿಸು ಎಂದರು. ಇಬ್ಬರು ಆ ಕೇಬಲ್ ವಿಷಯಕ್ಕೇ ಬಡಿದಾಡಿದರು. ಪೋಲೆಂಡಿನ ಒಬ್ಬ ಹಿರಿಯ ಮಾತ್ರ ನೆಟ್ಟಗೆ ಬರೆದ: ಪೋರ್ಟಾ ಪ್ರೊ 1984ರಿಂದಲೂ ತಗ್ಗಿನ ದನಿಗೇ, ಅಂದರೆ ಗುಂಯ್‌ಗುಡುವ ಬಾಸ್‌ಗೇ, ಹೆಸರಾದದ್ದು, ಮಗು ಕೇಳದೆಯೂ ಅದುರುವಿಕೆಗೆ ತೂಗಾಡುತ್ತಿರಬಹುದು, ಇಲ್ಲಿ ಕೇಳುತ್ತ ಕೂರಬೇಡ, ಪರೀಕ್ಷೆ ಮಾಡಿಸು. ಅವ್ವ ಅಂದದ್ದೇ! ನಾನು ಎದೆಯುಬ್ಬಿಸಿ ಹೊಗಳುತ್ತಿದ್ದ ಗುಣವೇ ನನ್ನ ಸಾಕ್ಷಿಯನ್ನು ಕೆಡಿಸಿತು. ಕಾಸ್ ಕಂಪನಿ ಕೂಡ ಅದೇ 1984ರಲ್ಲಿ, ಹೆಡ್‌ಫೋನ್ ಬಿಟ್ಟು ಬೇರೆ ಬೇರೆ ಸಾಮಾನಿಗೆ ಕೈಹಾಕಿದ್ದರಿಂದ, ದಿವಾಳಿಯ ಕಟ್ಟೆ ಹತ್ತಿತ್ತು. ಮತ್ತೆ ಹೆಡ್‌ಫೋನಿಗೇ ಮರಳಿ ಬದುಕಿತು. ನಾಲ್ಕು ಸ್ಪೀಕರಿನ ಹೆಡ್‌ಫೋನ್, ಕಿವಿಮೆತ್ತೆಯೊಳಗೆ ದ್ರವ ತುಂಬಿದ್ದು, ಏನೇನು ಮಾಡಿದ್ದಾರೆ ಗೊತ್ತಾ? ಕೊನೆಗೆ ಉಳಿದದ್ದು ಈ ಮಡಚಿ ಕಿಸೆಯಲ್ಲಿ ಇಡುವಂಥದು. ಅವತ್ತಿನಿಂದ ರೂಪವೇ ಬದಲಾಗಿಲ್ಲ. ಅವರು ಬದುಕಿದರೆ ನಾವೂ ಬದುಕುತ್ತೇವೆ ಎಂದು ನಾನೇ ನನಗೆ ಸಮಾಧಾನ ಹೇಳಿಕೊಂಡೆ. ಹುಚ್ಚು ಅನ್ನು.

ಪರೀಕ್ಷೆಗೆ ಪಾಳಿ ಸಿಗಲು ತಿಂಗಳ ಮೇಲೆಯೇ ಹಿಡಿಯಿತು. ಮೊನ್ನೆ ಗುರುವಾರ ಅವ್ವ, ವೈನಿ, ಹೀರಾ ಮೂವರೂ ಬೆಳಗಿನ ಬಸ್ಸಿಗೆ ಜಮಖಂಡಿಗೆ ಬಂದರು. ಸ್ಟ್ಯಾಂಡಿನಿಂದ ಆಟೋ ಮಾಡಿ ನಾನು ಕಿವಿ ಪರೀಕ್ಷೆಯ ದವಾಖಾನೆಗೆ ಕರೆದೊಯ್ದೆ. ಮೇಡಂ ವಿಜಾಪುರದ ಕಡೆಯವರು, ಮೆತ್ತಗಿನ ದನಿ. ಗೋಡೆಗೆಲ್ಲ ಸ್ಪಂಜು ಬಡಿದ ಸಣ್ಣ ಕೋಣೆ. ಒಳಗೆ ಹೋದೊಡನೆ ವೈನಿ ಹೆದರಿ ನನ್ನ ಕೈ ಹಿಡಿದಳು, "ಇಷ್ಟ ಸುಮ್ಮ ಇದ್ರ ಮಗ್ಗ ಕೆಟ್ಟು ನಿಂತಂಗ ಅನಸ್ತೈತಿ ನೋಡ." ಮೇಡಂ ಕೆಂಪು-ನೀಲಿ ಬಟ್ಟಲಿನ ಹೆಡ್‌ಫೋನ್ ತೆಗೆದರು. ಬೇರೆ ಮಕ್ಕಳು ಅದನ್ನು ಕಿತ್ತೆಸೆದು ಅಳುತ್ತವಂತೆ. ನಮ್ಮ ಹೀರಾ ತಾನೇ ತಲೆ ಬಗ್ಗಿಸಿ ಕೊಟ್ಟಳು, ಕಿವಿಯ ಮೇಲೆ ಸರಿಯಾಗಿ ಕೂರಿಸಿಕೊಂಡಳು. ಮೇಡಂ ನನ್ನ ಕಡೆ ನೋಡಿದರು. ಪೋರ್ಟಾ ಪ್ರೊ ಕಲಿಸಿದ ವಿದ್ಯೆ ಅಣ್ಣಾ, ಬರೆದಿಟ್ಟುಕೋ.

ದನಿ ಕೇಳಿದಾಗ ಬುಟ್ಟಿಗೆ ಒಂದು ಬಳೆ ಹಾಕಬೇಕು, ಅದು ಆಟ. ಮೇಡಂ ಬಾಯಿಂದ ಹೇಳಿದರು, ಹೀರಾ ಅವರ ತುಟಿಯನ್ನೇ ನೋಡುತ್ತ ಕುಳಿತಳು. ಮತ್ತೆ ಹೇಳಿದರು. ಇಲ್ಲ. ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಗ ಅವ್ವ ಎದ್ದಳು. "ಸ್ವಲ್ಪ ಸರೀರಿ ಮೇಡಂ, ಆಕಿಗಿ ಹಂಗ ತಿಳಿಯೂದಿಲ್ಲ" ಎಂದು ಕೂಸಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಮಗ್ಗದ ಮನೆಯಲ್ಲಿ ನಾವೆಲ್ಲ ಮಾಡುತ್ತೇವಲ್ಲ, ಹಾಗೆ ಹೇಳಿದಳು. ಕಿವಿ ಮುಟ್ಟಿದಳು, ಬೆರಳೆತ್ತಿದಳು, ಚೀಲದಿಂದ ಖಾಲಿ ಕಂಡಿಕೆ ತೆಗೆದು ಬುಟ್ಟಿಗೆ ಹಾಕಿದಳು, ತುಟಿ ಆಡಿಸಿದಳು. ದನಿ ಒಂದಿಷ್ಟೂ ಇಲ್ಲ. ಹೀರಾ ಗೋಣು ಹಾಕಿದಳು. ಆಮೇಲೆ ನೋಡು, ಟಪ್, ಟಪ್, ಒಂದಾದ ಮೇಲೊಂದು ಕಂಡಿಕೆ ಬುಟ್ಟಿಗೆ ಬಿದ್ದವು. ಮೇಡಂ ದನಿ ಇಳಿಸುತ್ತ ಹೋದರು, ಕೂಸು ಹಾಕುತ್ತಲೇ ಹೋಯಿತು. ತಗ್ಗಿನ ದನಿಗಷ್ಟೇ ಅಲ್ಲ, ಸೊಳ್ಳೆಯಂಥ ಸಣ್ಣ ದನಿಗೂ. ಮೇಡಂ ಮಶೀನು ಬಂದ್ ಮಾಡಿ ಅವ್ವನ ಕಡೆ ತಿರುಗಿದರು. "ಅಜ್ಜಿ, ಮನ್ಯಾಗ ಕೂಸಿನ ಜೋಡಿ ಯಾವಾಗ್ಲೂ ಹಿಂಗ ಮಾತಾಡ್ತೀರೇನ್ರಿ?" ಅವ್ವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮತ್ತ ಹೆಂಗ ಮಾತಾಡೂದ್ರಿ? ಮಗ್ಗ ನಡದಿರ್ತಾವ." "ರಾತ್ರಿ?" "ರಾತ್ರಿನೂ ಕೈಗಿ ಅದ ಚಟಾ ರೀ." ಹೆಸರು ಹಿಡಿದು ಕರೆಯುವುದು ಹೇಗೆ ಎಂದರು. ಅವ್ವ, ವೈನಿ ಇಬ್ಬರೂ ಒಟ್ಟಿಗೆ ಮೂಗಿನ ಹೊಳ್ಳೆಯ ಮೇಲೆ, ವಜ್ರದ ಮೂಗುಬೊಟ್ಟು ಇಡುವ ಜಾಗದಲ್ಲಿ, ಬೆರಳು ಇಟ್ಟರು. ಹೀರಾ ಕೂಡಲೇ ತಿರುಗಿ ನಕ್ಕಳು. "ಹಂಗಾರ ಹೀರಾ ಅನ್ನೂದು ತನ್ನ ಹೆಸರು ಅಂತ ಈಕಿಗಿ ಗೊತ್ತೈತೇನ್ರಿ?" ಎಂದು ಮೇಡಂ ಕೇಳಿದರು. ಅಣ್ಣಾ, ನಮ್ಮ ಕೂಸಿಗೆ ನಾವು ಹೆಸರೇ ಹೇಳಿರಲಿಲ್ಲ! ಮನುಷ್ಯರು ಮಾತಾಡುವುದೇ ತುಟಿಯಿಂದ, ಕೈಯಿಂದ ಎಂದು ತಿಳಿದು, ಪಾಪ, ಅದೂ ಹಾಗೇ ಮಾತಾಡುತ್ತಿತ್ತು. ಅವ್ವ ಮೊದಲು ಅತ್ತಳು, ಆಮೇಲೆ ಎಂಥ ನಗು ನಕ್ಕಳೆಂದರೆ ಹೊರಗೆ ಕುಳಿತವರು ಬಾಗಿಲು ತೆಗೆದು ನೋಡಿದರು. ಅದೇ ಹೊತ್ತಿನಲ್ಲಿ ನಾನು ಆ ಕೆಂಪು-ನೀಲಿ ಹೆಡ್‌ಫೋನ್ ಯಾವ ಕಂಪನಿಯದು ಎಂದು ಕೇಳಿ ಬೈಸಿಕೊಂಡೆ.

ಈಗ ಮೇಡಂ ಹೇಳಿದಂತೆ ಹೀರಾ ಹಗಲು ಮಗ್ಗವಿಲ್ಲದ ಮುದಕವ್ವನ ಮನೆಯಲ್ಲಿ ಇರುತ್ತಾಳೆ. ತೀರ್ಪು ಕೊಟ್ಟವಳೇ ಈಗ ಮಾಸ್ತರು. ದಿನವಿಡೀ ದನಿ ತೆಗೆದು ಊರ ಚಾಡಿಯೆಲ್ಲ ಹೇಳುತ್ತಾಳೆ, ಕೂಸು ಕಣ್ಣು ಬಿಟ್ಟು ಕೇಳುತ್ತದೆ. ಇವತ್ತು ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಮಗ್ಗಗಳು ಒಮ್ಮೆಲೇ ನಿಂತವು. ಆ ಸುಮ್ಮಗಾದ ಗಳಿಗೆಯಲ್ಲಿ ನನ್ನ ಮಗ್ಗುಲಿಂದ ಸಣ್ಣ ದನಿ ಬಂತು, "ಹೋತ!" ಕರೆಂಟ್ ಹೋದದ್ದನ್ನು ಹೀರಾ ಮನೆಗೆಲ್ಲ ಸಾರಿದಳು. ನಾವು ಈ ಮನೆಯಲ್ಲಿ ನಿಶ್ಶಬ್ದದಲ್ಲಿ ಬಾಯಿಬಿಟ್ಟು ಹೇಳುವ ಮಾತು ಅದೊಂದೇ, ಕಲಿಯದೆ ಏನು ಮಾಡುತ್ತಾಳೆ? ಅಪ್ಪ ಎನ್ನುವ ಮೊದಲು ಕರೆಂಟಿನ ಹೆಸರು ಬಂತೆಂದು ಮುನಿಯಬೇಡ. ಅದು ನಿನಗಿಂತ ಹೆಚ್ಚು ಸಲ ಮನೆಗೆ ಬಂದು ಹೋಗುತ್ತದೆ.

ಅವ್ವ ಜೈ ಜಿನೇಂದ್ರ ಹೇಳಿದ್ದಾಳೆ, ಕಾಲು ಒಣಗಿಸಿಕೊಂಡು ಬೂಟು ಹಾಕು ಎಂದಿದ್ದಾಳೆ. ಹೀರಾ ಈ ಹಾಳೆಯ ಮೂಲೆಯನ್ನು ಕಚ್ಚಿದ್ದಾಳೆ, ಅದೇ ಅವಳ ಮುತ್ತು ಎಂದುಕೋ. ಸಮುದ್ರ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ.

ನಿನ್ನ ತಲೆ ತಿನ್ನುವ ತಂಗಿ,
ಉಜ್ವಲಾ

ತಾ.ಕ.: ವೈನಿ ನೀರು ತರಲು ಹೋದಳು, ಬೇಗ ಬರೆಯುತ್ತೇನೆ. ಬರೆಯಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಹೀರಾಳದು ಮುಗಿದ ಮೇಲೆ ಮೇಡಂ ಸುಮ್ಮನೆ ವೈನಿಯ ಕಿವಿಯನ್ನೂ ನೋಡಿದರು. ಕೂಸು ಕಂಡಿಕೆ ಹಾಕಿದ ಆ ಸಣ್ಣ ದನಿಗಳಲ್ಲಿ ಅರ್ಧಕ್ಕೆ ವೈನಿ ಕೈ ಎತ್ತಲೇ ಇಲ್ಲ. ಮಗ್ಗದ ಸದ್ದಿಗೆ ಹೋದದ್ದು ಮರಳಿ ಬರುವುದಿಲ್ಲವಂತೆ, ಇದ್ದದ್ದನ್ನು ಉಳಿಸಿಕೊಳ್ಳಬಹುದಂತೆ: ಕಿವಿಗೆ ಸದ್ದು ತಡೆಯುವ ಬೆಂಡು ಇಟ್ಟುಕೊಳ್ಳಬೇಕು, ನಾಲ್ಕು ಮಗ್ಗದ ಬದಲು ಎರಡು ನೋಡಬೇಕು. ವೈನಿ ನಕ್ಕುಬಿಟ್ಟಳು, "ಕಿವಿ ಮುಚ್ಚಿಕೊಂಡ್ರ ಎಳಿ ಹರದದ್ದು ಹೆಂಗ ತಿಳೀಬೇಕ? ನಿಮ್ಮಣ್ಣ ಏನಂತಾರ?" ಅವ್ವನ ಮಾತು ಕೇಳುವುದಿಲ್ಲ, ನನ್ನ ಮಾತು ಮೊದಲೇ ಇಲ್ಲ. ನೀನು ಬರೆದರೆ ಕೇಳುತ್ತಾಳೆ. ಈಗ ನೀನೇ ಹೇಳು: ಎರಡು ಮಗ್ಗ ನಿಲ್ಲಿಸು ಎಂದು ಆಕೆಗೆ ನಿನ್ನ ಕೈಯಾರೆ ಬರೆಯುತ್ತೀಯೋ, ಇಲ್ಲಾ "ನನ್ನ ಹೆಂಡತಿ ಒಬ್ಬಳೇ ನಾಲ್ಕು ಮಗ್ಗ ನಡೆಸುತ್ತಾಳೆ" ಎಂದು ಆ ದ್ವೀಪದವರ ಮುಂದೆ ಮೀಸೆ ತಿರುವುತ್ತಲೇ ಇರುತ್ತೀಯೋ?